ಮೊದಲು ಹಕ್ಕು, ಆಮೇಲೆ ಲಾಭ: ಕೊಡಗಿನ ಆಸ್ತಿ ಹೂಡಿಕೆ ಆ್ಯಪ್ ವಿನ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ವಿರಾಜಪೇಟೆ ಕಡೆಯ ಒಂದು ತೋಟದ ಮನೆಯ ಜಗಲಿಯಲ್ಲಿ ಕುಳಿತು, ನಾನು ಕೆಲಸ ಮಾಡುತ್ತಿದ್ದ ಆಸ್ತಿ ಹೂಡಿಕೆ ಆ್ಯಪ್‌ನ ಮೊದಲ ಕರಡನ್ನು ಮನೆಯ ಹಿರಿಯರಿಗೆ ತೋರಿಸಿದ್ದೆ. ಎಪ್ಪತ್ತು ದಾಟಿದವರು, ಜೀವನವಿಡೀ ಕಾಫಿ ಬೆಳೆದವರು. ಮೊದಲ ಪರದೆಯಲ್ಲಿ ಮಂಜು ಮುಸುಕಿದ ತೋಟದ ಚಿತ್ರ, ಅದರ ಮೇಲೆ ದಪ್ಪ ಅಕ್ಷರದಲ್ಲಿ ವಾರ್ಷಿಕ ಲಾಭದ ಶೇಕಡಾವಾರು. ಅವರು ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ನೋಡಿ, "ಇದು ಜಮ್ಮಾ ಜಾಗವೋ, ಸಾಗು ಜಾಗವೋ ಮಗಳೇ?" ಎಂದು ಕೇಳಿದರು. ಇವೆರಡೂ ಕೊಡಗಿನ ಭೂ ಹಿಡುವಳಿಯ ಬಗೆಗಳು. ನಮ್ಮ ನಲವತ್ತು ಪರದೆಗಳಲ್ಲಿ ಎಲ್ಲಿಯೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಕೆಲಸ ಕೊಟ್ಟಿದ್ದ ಸಂಸ್ಥೆಗೆ ಅದೊಂದು ಪ್ರಶ್ನೆ ಎಂದೇ ಅನಿಸಲಿಲ್ಲ. ನಾನು ಅಲ್ಲಿಂದ ಹೊರಬಂದೆ. ಅಂದಿನಿಂದ ಇಂಥ ಆ್ಯಪ್‌ಗಳ ಬಳಕೆದಾರ ಅನುಭವವನ್ನು ನಾನು ರೂಪಿಸುವ ಕ್ರಮವೇ ಬೇರೆಯಾಯಿತು. ಆ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಕುಳಿತು ಇಂಥದ್ದನ್ನು ಕಟ್ಟಲು ಹೊರಟಿರುವ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹೆಜ್ಜೆ 1: ನೀವು ಮಾರುತ್ತಿರುವುದು ಏನು ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಪರದೆ ಬಿಡಿಸುವ ಮೊದಲು ಇದಾಗಬೇಕು. ಹೊರಗಿನಿಂದ ಎಲ್ಲವೂ "ಆಸ್ತಿ ಹೂಡಿಕೆ" ಎಂದೇ ಕಾಣುತ್ತದೆ. ಒಳಗೆ ಮೂರು ಬೇರೆ ಬೇರೆ ವ್ಯವಹಾರಗಳಿವೆ.

ಒಂದು, ಇಡೀ ಜಾಗ ಅಥವಾ ಮನೆಯನ್ನು ಕೊಳ್ಳುವವರಿಗೂ ಮಾರುವವರಿಗೂ ಸಂಪರ್ಕ ಕಲ್ಪಿಸುವುದು. ಇಲ್ಲಿ ಕ್ರಯಪತ್ರ ಕೊಳ್ಳುವವರ ಹೆಸರಿಗೇ ಆಗುತ್ತದೆ. 500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯಾದರೆ ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಡಿ ನೋಂದಣಿ ಬೇಕು. ಆ ನೋಂದಣಿ ಸಂಖ್ಯೆ ಜಾಹೀರಾತಿನಲ್ಲಿಯೇ ಇರಬೇಕು, ಅಂದರೆ ನಿಮ್ಮ ಪಟ್ಟಿಯ ಪರದೆಯಲ್ಲಿಯೂ ಇರಬೇಕು.

ಎರಡು, ರೀಟ್ (ಹಲವರ ಹಣದಿಂದ ಬಾಡಿಗೆ ತರುವ ಕಟ್ಟಡಗಳನ್ನು ಕೊಳ್ಳುವ ಟ್ರಸ್ಟ್) ಅಥವಾ ಸಣ್ಣ ರೀಟ್‌ನ ಯೂನಿಟ್‌ಗಳು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಮಾರ್ಚ್‌ನಲ್ಲಿ ಸಣ್ಣ ಮತ್ತು ಮಧ್ಯಮ ರೀಟ್‌ಗಳಿಗೆ ನಿಯಮ ತಂದಿತು: ಆಸ್ತಿಯ ಮೌಲ್ಯ 50 ಕೋಟಿ ರೂಪಾಯಿಯಿಂದ 500 ಕೋಟಿಯ ಒಳಗೆ, ಕನಿಷ್ಠ 200 ಹೂಡಿಕೆದಾರರು, ಒಬ್ಬರ ಕನಿಷ್ಠ ಹೂಡಿಕೆ 10 ಲಕ್ಷ ರೂಪಾಯಿ, ಆಸ್ತಿಯ ಶೇ. 95ರಷ್ಟು ಕಟ್ಟಿ ಮುಗಿದು ಆದಾಯ ತರುತ್ತಿರಬೇಕು. ಖಾಲಿ ಜಾಗ, ಕೃಷಿ ಭೂಮಿಗಳಲ್ಲಿ ರೀಟ್ ಹಣ ತೊಡಗಿಸುವಂತಿಲ್ಲ. ಹಾಗಾಗಿ ಕಾಫಿ ತೋಟ ಈ ಚೌಕಟ್ಟಿನೊಳಗೆ ಬರುವುದೇ ಇಲ್ಲ.

ಮೂರನೆಯದು ಅಪಾಯದ್ದು: "ತೋಟದಲ್ಲಿ ಪಾಲು ಕೊಳ್ಳಿ, ನಿರ್ವಹಣೆ ನಮ್ಮದು, ಲಾಭ ನಿಮ್ಮದು." ಹಲವರ ಹಣ ಒಟ್ಟುಗೂಡಿಸಿ, ನಿರ್ವಹಣೆಯನ್ನು ತಾವೇ ಇಟ್ಟುಕೊಂಡು ಲಾಭ ಹಂಚುವ ಯೋಜನೆ ಸೆಬಿ ಕಾಯ್ದೆಯ 11ಎಎ ಕಲಮಿನ ಸಾಮೂಹಿಕ ಹೂಡಿಕೆ ಯೋಜನೆಯಾಗಬಹುದು, ಹಾಗಾದಲ್ಲಿ ಅದನ್ನು ನೋಂದಣಿಯಿಲ್ಲದೆ ನಡೆಸುವಂತಿಲ್ಲ. 1990ರ ದಶಕದಲ್ಲಿ ತೇಗದ ತೋಟದ ಹೆಸರಿನಲ್ಲಿ ಹಣ ಎತ್ತಿದ ಕಂಪನಿಗಳು ಮುಳುಗಿದ ಮೇಲೆಯೇ 1999ರಲ್ಲಿ ಈ ನಿಯಮಗಳು ಬಂದದ್ದು. ನಿಮ್ಮ ಯೋಜನೆ ಈ ಮೂರನೆಯ ಬಗೆಯದಾದರೆ ವಿನ್ಯಾಸಕಾರರಾಗಿ ನೀವು ಮಾಡಬೇಕಾದ ಮೊದಲ ಕೆಲಸ, ವಕೀಲರ ಲಿಖಿತ ಅಭಿಪ್ರಾಯ ಬರುವ ತನಕ ಕೆಲಸ ನಿಲ್ಲಿಸುವುದು. ಚೆಂದದ ಪರದೆ ಮಾಡಿಕೊಟ್ಟು ಹಣ ಎತ್ತಲು ನೆರವಾದವರಿಗೆ ಆಮೇಲೆ "ನಾನು ಬಣ್ಣ ಹಚ್ಚಿದವನಷ್ಟೇ" ಎನ್ನುವ ಹಕ್ಕಿಲ್ಲ ಎಂದೇ ನನ್ನ ನಂಬಿಕೆ.

ಹೆಜ್ಜೆ 2: ಜನರ ಬಳಿ ಹೋಗಿ, ಆದರೆ ಕಾಲ ನೋಡಿ ಹೋಗಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಕಣ, ಕೂಲಿ ಬಟವಾಡೆಗಳ ನಡುವೆ ಬೆಳೆಗಾರರಿಗೆ ಬಿಡುವಿರುವುದಿಲ್ಲ. ಪುತ್ತರಿ, ಕೈಲ್ ಪೊಳ್ದ್ ಹಬ್ಬಗಳ ವಾರ ಮನೆ ತುಂಬ ನೆಂಟರು. ನಾನು ಏಪ್ರಿಲ್, ಮೇ ತಿಂಗಳುಗಳನ್ನು ಆರಿಸಿಕೊಳ್ಳುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲಿನ ಅವಧಿ. ಆಗ ಜನ ಕುಳಿತು ಮಾತನಾಡುತ್ತಾರೆ.

ಹತ್ತು ಹನ್ನೆರಡು ಮಂದಿ ಸಾಕು, ಆದರೆ ಒಂದೇ ಬಗೆಯವರಾಗಬಾರದು. ತೋಟದ ಒಂದು ಭಾಗ ಮಾರಿ ಸಾಲ ತೀರಿಸಬೇಕಿರುವ ಬೆಳೆಗಾರ, ಸೇನೆಯಿಂದ ನಿವೃತ್ತನಾಗಿ ಬಂದ ಹಣವನ್ನು ಎಲ್ಲಿಡಲಿ ಎಂದು ಯೋಚಿಸುತ್ತಿರುವ ಸುಬೇದಾರ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಊರಿನಲ್ಲೊಂದು ತುಂಡು ನೆಲ ಬಯಸುವವಳು, ಹೊರದೇಶದಲ್ಲಿರುವವರು. ಇವರ ಜೊತೆಗೆ, ಫೋನ್ ಹಿಡಿಯದ ಆದರೆ ಹಕ್ಕಿರುವ ವ್ಯಕ್ತಿಯನ್ನು ಖಂಡಿತ ಹುಡುಕಿ: ಮದುವೆಯಾಗಿ ಬೇರೆಡೆ ಹೋದ ಸೋದರಿ, ಗಂಡನನ್ನು ಕಳೆದುಕೊಂಡು ಐನ್‌ಮನೆಯಲ್ಲೇ, ಅಂದರೆ ಮನೆತನದ ಮೂಲ ಮನೆಯಲ್ಲೇ, ಉಳಿದ ಅತ್ತೆ. ವ್ಯವಹಾರ ಮುರಿದುಬೀಳುವುದು ಬಹುತೇಕ ಇವರ ಸಹಿ ಬೇಕಾದಾಗ. ಆ ಸಹಿಗೆ ನಿಮ್ಮ ಆ್ಯಪ್‌ನಲ್ಲಿ ಸ್ಥಾನವಿದೆಯೇ ಎಂದು ನೋಡಬೇಕು.

"ಈ ಆ್ಯಪ್ ನಿಮಗೆ ಇಷ್ಟವಾಯಿತೇ?" ಎಂದು ಕೇಳಬೇಡಿ. ಅತಿಥಿಗೆ ಬೇಸರವಾಗದಿರಲೆಂದು ಎಲ್ಲರೂ ಹೌದೆನ್ನುತ್ತಾರೆ. "ಕಳೆದ ಸಲ ಜಾಗ ಕೊಂಡಾಗ ಮೊದಲು ಯಾರನ್ನು ಕೇಳಿದಿರಿ? ಯಾವ ಕಾಗದ ಕೊನೆಯಲ್ಲಿ ಸಿಕ್ಕಿತು? ಎಲ್ಲಿ ಮೋಸವಾಗಬಹುದೆಂದು ಹೆದರಿದ್ದಿರಿ?" ಎಂದು ನಡೆದುಹೋದದ್ದನ್ನೇ ಕೇಳಿ.

ಹೆಜ್ಜೆ 3: ಜಾಗದ ಚೀಟಿ

ಇಡೀ ಆ್ಯಪ್‌ನಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಈ ಒಂದು ಪರದೆಗೆ. ಚಿತ್ರಗಳಿಗಿಂತ, ಬೆಲೆಗಿಂತ ಮೊದಲು ಬರುವ ಒಂದು ಚೀಟಿ. ಮೊಬೈಲ್‌ನ ಒಂದೇ ಪರದೆಯಲ್ಲಿ ಹಿಡಿಯುವಷ್ಟು. ಅದರ ಮೊದಲ ಸಾಲು ಹಿಡುವಳಿಯ ಬಗೆ.

ಬೇರೆ ಜಿಲ್ಲೆಗಳ ವಿನ್ಯಾಸವನ್ನು ತಂದು ಇಲ್ಲಿ ಅಂಟಿಸಿದರೆ ಎಡವುವುದು ಇಲ್ಲಿಯೇ. ಜಮ್ಮಾ ಎಂದರೆ ತಲೆಮಾರುಗಳಿಂದ ಒಕ್ಕದ (ಕೊಡವ ಮನೆತನದ) ಅವಿಭಕ್ತ ಹಿಡುವಳಿಯಾಗಿ ಬಂದ ಭೂಮಿ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ, ಹೆಸರಿರುತ್ತದೆ, ಎಷ್ಟೋ ಕಡೆ ಅವರು ತೀರಿಕೊಂಡು ದಶಕಗಳೇ ಕಳೆದಿರುತ್ತವೆ, ಉಳುಮೆ ಮಾಡುತ್ತಿರುವವರು ಬೇರೆಯೇ. ಬಾಣೆ ಎಂದರೆ ಗದ್ದೆಗೆ ಆಸರೆಯಾಗಿ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟಿದ್ದ ಜಾಗ. ಕಾಲಕ್ರಮದಲ್ಲಿ ಅಲ್ಲಿ ಕಾಫಿ ಬಂದಿದೆ. ಸಾಗು ಎಂದರೆ ಪೂರ್ತಿ ಕಂದಾಯ ಕಟ್ಟುವ ಸಾಮಾನ್ಯ ಹಿಡುವಳಿ, ಅದರ ಸ್ಥಿತಿ ಇವೆರಡಕ್ಕಿಂತ ಬೇರೆ. ಪೈಸಾರಿ ಎಂದರೆ ಸರ್ಕಾರದ ಭೂಮಿ. ಅದರ ಮೇಲೆ ಎಷ್ಟೇ ಚೆಂದದ ತೋಟವಿದ್ದರೂ ಅದನ್ನು ಮಾರಾಟದ ಪಟ್ಟಿಗೆ ಸೇರಿಸುವಂತಿಲ್ಲ. ಆ ಆಯ್ಕೆಯನ್ನು ಮಾರುವವರು ಒತ್ತಿದ ಕೂಡಲೇ ಕಾರಣ ವಿವರಿಸಿ ಅಲ್ಲಿಗೇ ನಿಲ್ಲಿಸಿ.

ಎರಡನೆಯ ಸಾಲು ಮರದ ಹಕ್ಕು. ಮರಗಳ ಬೆಲೆ ಸರ್ಕಾರಕ್ಕೆ ಪಾವತಿಯಾಗಿದ್ದರೆ ರಿಡೀಮ್ಡ್, ಆಗಿಲ್ಲದಿದ್ದರೆ ಅನ್‌ರಿಡೀಮ್ಡ್. ಎರಡನೆಯದರಲ್ಲಿ ಮರದ ಹಕ್ಕು ಸರ್ಕಾರದ್ದು. ತೋಟದ ನೆರಳಿನಲ್ಲಿ ನಿಂತ ಬೀಟೆ ಮರಗಳನ್ನು ತೋರಿಸಿ "ಇದರ ಬೆಲೆಯೇ ಇಷ್ಟಾಗುತ್ತದೆ" ಎಂದು ಮಾರುವವರು ಹೇಳಿದಾಗ, ಹೊರಗಿನಿಂದ ಬಂದ ಕೊಳ್ಳುವವರಿಗೆ ಈ ಒಂದು ಪದದ ಅರ್ಥ ಗೊತ್ತಿರುವುದಿಲ್ಲ. ಪದದ ಕೆಳಗೆ ಒಂದೇ ವಾಕ್ಯದ ವಿವರಣೆ ಇಡಿ, ಒತ್ತಿದರೆ ತೆರೆಯುವ ಕಿಟಕಿಯಲ್ಲಿ ಬಚ್ಚಿಡಬೇಡಿ.

ಮೂರನೆಯದು ಅಳತೆ. ನಮ್ಮಲ್ಲಿ ಎಕರೆ, ಸೆಂಟ್ ಎನ್ನುತ್ತೇವೆ. ಮೈಸೂರು ಕಡೆಯವರು ಎಕರೆ, ಗುಂಟೆ ಎನ್ನುತ್ತಾರೆ. ಒಂದು ಎಕರೆಗೆ 100 ಸೆಂಟ್, 40 ಗುಂಟೆ. "2.20 ಎಕರೆ" ಎಂದು ಬರೆದರೆ ಒಬ್ಬರು ಎರಡು ಎಕರೆ ಇಪ್ಪತ್ತು ಸೆಂಟ್ ಎಂದು ಓದಿದರೆ ಇನ್ನೊಬ್ಬರು ಎರಡೂವರೆ ಎಕರೆ ಎಂದು ಓದುತ್ತಾರೆ. ಚುಕ್ಕಿ ಹಾಕದೆ ಎರಡನ್ನೂ ಅಕ್ಷರದಲ್ಲೇ ಬಿಡಿಸಿ ಬರೆಯಿರಿ. ಇಂಥ ತಪ್ಪು ಓದಿನಿಂದ ಮುಂಗಡ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಕೊನೆಯಲ್ಲಿ ಕಾಗದಗಳು: ಭೂಮಿ ಜಾಲತಾಣದ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ನೋಂದಣಿ ಇಲಾಖೆಯ ಕಾವೇರಿ ವ್ಯವಸ್ಥೆಯಿಂದ ಋಣಭಾರ ಪ್ರಮಾಣಪತ್ರ, ಜಾಗದ ಭಾಗ ಮಾರುವುದಾದರೆ ಆ ಭಾಗದ ಗಡಿ ತೋರಿಸುವ 11ಇ ನಕ್ಷೆ, ಮನೆ ಅಥವಾ ಹೋಂಸ್ಟೇ ಇದ್ದರೆ ಭೂಪರಿವರ್ತನೆಯ ಆದೇಶ, ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಇ-ಸ್ವತ್ತು ನಮೂನೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವಂತಾಯಿತು. ಕೊಂಡ ಮಾತ್ರಕ್ಕೆ ಅಲ್ಲಿ ರೆಸಾರ್ಟ್ ಕಟ್ಟಬಹುದು ಎಂದು ಅನೇಕರು ತಿಳಿದಿದ್ದಾರೆ. ಕೊಳ್ಳುವುದು ಒಂದು, ಪರಿವರ್ತನೆ ಇನ್ನೊಂದು. ಚೀಟಿಯಲ್ಲಿ ಇವೆರಡು ಬೇರೆ ಬೇರೆ ಸಾಲುಗಳಾಗಿ ಕಾಣಬೇಕು.

ಪ್ರತಿ ಕಾಗದದ ಎದುರು ಹಸಿರು ಗುರುತು ಹಾಕುವ ಅಭ್ಯಾಸ ಬಿಡಿ. "ಎಲ್ಲವೂ ಸರಿ" ಎಂಬ ಭರವಸೆಯನ್ನು ಅದು ಕೊಡುತ್ತದೆ, ಆ ಭರವಸೆ ಕೊಡಲು ನೀವು ಯಾರು? ಬದಲಿಗೆ ಮೂರು ಸ್ಥಿತಿಗಳನ್ನು ಮಾತಿನಲ್ಲೇ ಬರೆಯಿರಿ: "ನೋಡಿದ್ದೇವೆ", "ಕೇಳಿದ್ದೇವೆ, ಬಂದಿಲ್ಲ", "ಇಲ್ಲ". ಜೊತೆಗೆ ಯಾರು ನೋಡಿದರು, ಯಾವ ದಿನ, ಋಣಭಾರ ಪತ್ರ ಎಷ್ಟು ವರ್ಷಗಳದ್ದು. "ಇಲ್ಲ" ಎಂಬ ಸಾಲನ್ನು ಮಸುಕುಗೊಳಿಸಬೇಡಿ. ನನ್ನ ಅನುಭವದಲ್ಲಿ ಜನ ನಂಬಿಕೆ ಇಡುವುದು ಆ "ಇಲ್ಲ" ಕಂಡಾಗಲೇ.

ಹೆಜ್ಜೆ 4: ನಕ್ಷೆಯಲ್ಲಿ ಗುಡ್ಡವನ್ನೂ ತೋರಿಸಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ ತೋಟಗಳು ಹೋದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಷ್ಟಾದ ಮೇಲೂ ಕೊಡಗಿನ ಆಸ್ತಿಯ ನಕ್ಷೆ ಎಂದರೆ ಹಸಿರು ಬಣ್ಣದ ಮೇಲೆ ಕೆಂಪು ಗುರುತು ಮಾತ್ರ ಎಂದು ತೋರಿಸುವುದು ನನ್ನಿಂದ ಸಾಧ್ಯವಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆಯನ್ನು ಒಂದು ಪದರವಾಗಿ ಸೇರಿಸಿ, ಅದು ಮೊದಲಿನಿಂದಲೇ ತೆರೆದಿರಲಿ. ಬೇಡದವರು ಮುಚ್ಚಿಕೊಳ್ಳಲಿ. ಎರಡನೆಯ ಪದರ ಅಭಯಾರಣ್ಯಗಳು ಮತ್ತು ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ಬರುವ ಗ್ರಾಮಗಳು. ಕರಡು ಎಂಬ ಪದವನ್ನು ಬಿಡದೆ ಬರೆಯಿರಿ. ಮೂರನೆಯದು ಆನೆ. ಸಿದ್ದಾಪುರ, ತಿತಿಮತಿ ಕಡೆ ಆನೆಗಳು ತೋಟದೊಳಗೇ ಓಡಾಡುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಕಾರ್ಮಿಕರಿಗೆ ಅದು ಜೀವದ ಪ್ರಶ್ನೆ, ಹೂಡಿಕೆದಾರರಿಗೆ ಬೇಲಿ, ಬೆಳೆ, ಕೂಲಿಯ ಲೆಕ್ಕ.

ಸ್ಥಳದ ಪರಿಚಯಕ್ಕೆ "ಮಂಜಿನ ನಾಡು" ಎಂಬ ಸಾಲು ಬೇಡ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ, ಒಂದೇ ಜಿಲ್ಲೆಯಾದರೂ. ಮಳೆಗಾಲದಲ್ಲಿ ಜಾಗಕ್ಕೆ ವಾಹನ ಹೋಗುತ್ತದೆಯೇ, ದಾರಿ ಸಾರ್ವಜನಿಕವೋ ಪಕ್ಕದ ತೋಟದವರದೋ, ಬೇಸಿಗೆಯಲ್ಲಿ ನೀರಿನ ಮೂಲ ಯಾವುದು ಎಂಬ ಮೂರು ಉತ್ತರಗಳು ಆ ಸಾಲಿಗಿಂತ ಹೆಚ್ಚು ಹೇಳುತ್ತವೆ. ಮಾರುವವರು ಹಾಕುವ ಚಿತ್ರಗಳಲ್ಲಿ ಕನಿಷ್ಠ ಒಂದು ಜುಲೈ ತಿಂಗಳದ್ದಾಗಿರಲಿ ಎಂಬ ನಿಯಮ ಮಾಡಿ. ಎಲ್ಲರೂ ಜನವರಿಯ ಚಿತ್ರವನ್ನೇ ಹಾಕುತ್ತಾರೆ.

ಹೆಜ್ಜೆ 5: ಲಾಭವನ್ನು ಕಳೆದು ತೋರಿಸಿ

ಈಗ ಅಂಕಿಯ ಸರದಿ. ಒಂದು ಕಲ್ಪಿತ ಲೆಕ್ಕ ನೋಡೋಣ. ಮಡಿಕೇರಿ ಹೊರವಲಯದ ಹೋಂಸ್ಟೇ, ಬೆಲೆ 80 ಲಕ್ಷ ರೂಪಾಯಿ, ವರ್ಷದ ಬಾಡಿಗೆ 6 ಲಕ್ಷ. ಜಾಹೀರಾತಿನಲ್ಲಿ ಇದು ಶೇ. 7.5. ಮುದ್ರಾಂಕ, ನೋಂದಣಿ, ವಕೀಲರ ಶುಲ್ಕ ಸೇರಿಸಿ 6 ಲಕ್ಷವಾದರೆ ಕೈಯಿಂದ ಹೋದದ್ದು 86 ಲಕ್ಷ. ನೋಡಿಕೊಳ್ಳುವವರ ಸಂಬಳ 1.8 ಲಕ್ಷ, ಮಳೆ ಕಳೆದ ಮೇಲಿನ ಮಾಡು ಗೋಡೆಗಳ ದುರಸ್ತಿ 60 ಸಾವಿರ, ವೇದಿಕೆಯ ಶುಲ್ಕ 60 ಸಾವಿರ. ಉಳಿದದ್ದು 3 ಲಕ್ಷ. ಶೇ. 7.5 ಇದ್ದದ್ದು ಶೇ. 3.5ಕ್ಕೆ ಇಳಿಯಿತು, ಅದೂ ತೆರಿಗೆಗೆ ಮೊದಲು.

ಈ ಕಳೆಯುವ ಲೆಕ್ಕವೇ ನಿಮ್ಮ ಪರದೆಯಾಗಬೇಕು. ಅಂಗಡಿಯ ಚೀಟಿಯಂತೆ ಮೇಲಿನಿಂದ ಕೆಳಕ್ಕೆ, ಸಾಲುಸಾಲಾಗಿ. ಪ್ರತಿ ಸಾಲನ್ನೂ ಬಳಕೆದಾರರು ಬದಲಾಯಿಸಿ ನೋಡುವಂತಿರಲಿ: ಜೂನ್‌ನಿಂದ ಆಗಸ್ಟ್‌ವರೆಗೆ ಒಬ್ಬ ಅತಿಥಿಯೂ ಬರದಿದ್ದರೆ? ರಸ್ತೆ ಒಂದು ತಿಂಗಳು ಮುಚ್ಚಿದರೆ? ದಪ್ಪ ಅಕ್ಷರ ಕೊನೆಯ ಸಾಲಿಗೆ ಮಾತ್ರ.

ತೋಟದ ಆದಾಯವಾದರೆ ತಿಂಗಳ ಸರಾಸರಿ ತೋರಿಸುವುದೇ ತಪ್ಪು. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಅದರ ಬೆನ್ನಿಗೆ, ಕರಿಮೆಣಸು ಫೆಬ್ರವರಿ, ಮಾರ್ಚ್‌ನಲ್ಲಿ. ಹಣ ಬರುವುದು ವರ್ಷದ ಒಂದು ಮಗ್ಗುಲಲ್ಲಿ, ಖರ್ಚು ಹನ್ನೆರಡೂ ತಿಂಗಳು. ಹೊಸದಾಗಿ ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಹನ್ನೆರಡು ತಿಂಗಳ ಪಟ್ಟಿಯನ್ನು ಬಿಡಿಸಿ, ಬರುವ ಹಣ ಒಂದು ಬದಿಗೆ, ಹೋಗುವ ಹಣ ಇನ್ನೊಂದು ಬದಿಗೆ ಇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಮುಂದಿನ ವರ್ಷದ ಬರುವ ಬದಿ ಎಷ್ಟು ಕುಗ್ಗುತ್ತದೆ ಎಂಬುದು ಅದೇ ಪಟ್ಟಿಯಲ್ಲಿ ಕಾಣಲಿ.

ಹೆಜ್ಜೆ 6: ಕನ್ನಡವನ್ನು ಮೊದಲು ಬರೆಯಿರಿ

ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಕೊನೆಗೆ ಅನುವಾದಿಸಿದರೆ ಗುಂಡಿಯೊಳಗೆ ಪದ ಹಿಡಿಯುವುದಿಲ್ಲ, ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಸಾಲಿನ ಅಂತರ ಕೊಟ್ಟು ನೋಡಿ. "ನೋಂದಣಿ", "ಸಾಕ್ಷ್ಯ", "ಕ್ರಯಪತ್ರ" ಈ ಮೂರು ಪದಗಳು ಅಗ್ಗದ ಫೋನಿನಲ್ಲಿ ಸ್ಪಷ್ಟವಾಗಿ ಕಂಡರೆ ಉಳಿದವೂ ಕಾಣುತ್ತವೆ. ಹಣವನ್ನು ಲಕ್ಷ, ಕೋಟಿಯಲ್ಲೇ ಬರೆಯಿರಿ. ಸರ್ಕಾರಿ ಕಾಗದದಲ್ಲಿ ಇರುವ ಪದವನ್ನೇ ಬಳಸಿ; ಪಹಣಿಗೆ ಹೊಸ ಹೆಸರು ಕಟ್ಟಬೇಡಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ಬಳಕೆದಾರರಿಗೆ ಕೊಡಬೇಕು. ಕನ್ನಡ ಅದರಲ್ಲೊಂದು.

ಹೆಜ್ಜೆ 7: ಗುರುತು ಮತ್ತು ಹಣ

ನೋಂದಣಿಯ ಮೊದಲ ಪ್ರಶ್ನೆಗಳಲ್ಲೇ "ನೀವು ಈಗ ಎಲ್ಲಿ ವಾಸವಾಗಿದ್ದೀರಿ?" ಎಂದು ಕೇಳಿ. ಅನಿವಾಸಿ ಭಾರತೀಯರು ಮತ್ತು ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಇರುವವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬರುವುದು ಬೇರೆ ಮಾತು. ಹೊರದೇಶದಲ್ಲಿರುವ ಕೊಡಗಿನವರು ಊರಿನ ತೋಟದ ಆಸೆಯಿಂದಲೇ ಬರುತ್ತಾರೆ. ಅವರು ಎಲ್ಲ ಕಾಗದ ಏರಿಸಿ, ಮುಂಗಡ ಕಟ್ಟಿದ ಮೇಲೆ "ನಿಮಗೆ ಅರ್ಹತೆ ಇಲ್ಲ" ಎಂದು ತಿಳಿಸುವುದು ಕ್ರೂರ. ಮೊದಲೇ ತಿಳಿಸಿ, ಅವರು ಕೊಳ್ಳಬಹುದಾದ ವಸತಿ, ವಾಣಿಜ್ಯ ಆಸ್ತಿಗಳ ಕಡೆಗೆ ದಾರಿ ತೋರಿಸಿ.

ಮಳೆಗಾಲದಲ್ಲಿ ವಿದ್ಯುತ್ ದಿನಗಟ್ಟಲೆ ಇರುವುದಿಲ್ಲ, ಸಿಗ್ನಲ್ ಗುಡ್ಡದ ತುದಿಯಲ್ಲಿ ಮಾತ್ರ. ತುಂಬಿದ ವಿವರ ಫೋನಿನಲ್ಲೇ ಉಳಿಯಬೇಕು, ಸಂಪರ್ಕ ಬಂದಾಗ ನಿಂತಲ್ಲಿಂದ ಮುಂದುವರಿಯಬೇಕು. ಹಣ ಪಾವತಿಯ ಮಧ್ಯೆ ಸಂಪರ್ಕ ಕಡಿದರೆ ತಿರುಗುವ ಚಕ್ರ ತೋರಿಸಿ ಕೂರಿಸಬೇಡಿ. "ನಿಮ್ಮ ಖಾತೆಯಿಂದ ಹಣ ಹೋಗಿದೆಯೋ ಎಂದು ನೋಡುತ್ತಿದ್ದೇವೆ. ಮತ್ತೆ ಕಟ್ಟಬೇಡಿ" ಎಂಬ ಎರಡು ವಾಕ್ಯ ಬರೆದು, ಫೋನ್ ಎತ್ತುವ ಒಬ್ಬ ಮನುಷ್ಯರ ಸಂಖ್ಯೆ ಕೊಡಿ.

ಹೆಜ್ಜೆ 8: ಹೊರಬರುವ ಬಾಗಿಲು

ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಆಸ್ತಿಯ ಆ್ಯಪ್‌ಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಎರಡು: "ಇನ್ನು ಮೂರೇ ಪಾಲು ಉಳಿದಿವೆ" ಎಂಬ ಸುಳ್ಳು ಅವಸರ, ಕೊನೆಯ ಪರದೆಯಲ್ಲಿ ಒಂದೊಂದಾಗಿ ಹೊರಬರುವ ಶುಲ್ಕ. ಇವನ್ನು ಮಾಡಿಕೊಡಿ ಎಂದು ಕೇಳುವ, ನಿಮಗೆ ಕೆಲಸ ಕೊಟ್ಟ ಸಂಸ್ಥೆಗೆ ಇಲ್ಲ ಎನ್ನಿ. ಅವಸರದಲ್ಲಿ ಬಟ್ಟೆ ಕೊಂಡರೆ ನೂರು ರೂಪಾಯಿ ಹೋದೀತು. ಇಲ್ಲಿ ಹೋಗುವುದು ನಿವೃತ್ತಿಯ ಇಡೀ ಹಣ.

ಹಣ ಕಟ್ಟುವ ಗುಂಡಿಯ ಮೇಲೆಯೇ, ಅದೇ ಗಾತ್ರದಲ್ಲಿ, ಹೊರಬರುವ ದಾರಿಯನ್ನು ಬರೆಯಿರಿ: ಎಷ್ಟು ಕಾಲ ಹಣ ಸಿಕ್ಕಿಹಾಕಿಕೊಂಡಿರುತ್ತದೆ, ಮಾರಬೇಕೆಂದರೆ ಯಾರು ಕೊಳ್ಳುತ್ತಾರೆ, ಕೊಳ್ಳುವವರು ಸಿಗದಿದ್ದರೆ ಏನಾಗುತ್ತದೆ. ಮುಂಗಡದ ನಂತರ ಎರಡು ದಿನಗಳ ಬಿಡುವು ಕೊಟ್ಟು, ಅಷ್ಟರಲ್ಲಿ ಹಣವನ್ನು ಪೂರ್ತಿ ಹಿಂಪಡೆಯುವ ಅವಕಾಶ ಇಡಿ. ಮನೆಯವರಿಗೆ ತೋರಿಸಲು ಇಡೀ ವಿವರವನ್ನು ಎರಡು ಪುಟದಲ್ಲಿ ಮುದ್ರಿಸುವ ಸೌಲಭ್ಯವೂ ಬೇಕು. ಒಕ್ಕದ ಹಿರಿಯರು ಪರದೆಗಿಂತ ಕಾಗದವನ್ನೇ ನಂಬುತ್ತಾರೆ. ಪಾಲುದಾರರ ಒಪ್ಪಿಗೆಗೆ ಪ್ರತ್ಯೇಕ ಕೊಂಡಿ ಕಳುಹಿಸಿ. ಅತ್ತೆಯ ಹೆಸರಿನಲ್ಲಿ ಅಳಿಯ ಒತ್ತುವಂತಾಗಬಾರದು.

ಹೆಜ್ಜೆ 9: ಮಳೆಯಲ್ಲಿ ಪರೀಕ್ಷಿಸಿ

ಮೊದಲ ಸುತ್ತು ಕಾಗದದ ಮೇಲೆ ಬಿಡಿಸಿದ ಪರದೆಗಳಿಂದ. ಐದು ಮಂದಿಗೆ ತೋರಿಸುವಷ್ಟರಲ್ಲಿ ದೊಡ್ಡ ತಪ್ಪುಗಳು ಹೊರಬೀಳುತ್ತವೆ. ಎರಡನೆಯ ಸುತ್ತನ್ನು ಜುಲೈನಲ್ಲಿ, ಅವರದೇ ಫೋನಿನಲ್ಲಿ, ಅವರದೇ ಮನೆಯಲ್ಲಿ ಮಾಡಿ. ಪರದೆ ನೋಡಿ ಮುಗಿಸಿದವರಿಗೆ ಫೋನ್ ಕೆಳಗಿಡಲು ಹೇಳಿ ನಾಲ್ಕು ಪ್ರಶ್ನೆ ಕೇಳಿ: ಇದು ಯಾವ ಬಗೆಯ ಜಾಗ? ಯಾವ ಕಾಗದ ಇನ್ನೂ ಬಂದಿಲ್ಲ? ಎಲ್ಲ ಕಳೆದು ವರ್ಷಕ್ಕೆ ಎಷ್ಟು ಉಳಿಯುತ್ತದೆ? ಹಣ ಬೇಕಾದಾಗ ಹೇಗೆ ಹೊರಬರುತ್ತೀರಿ? ಐವರಲ್ಲಿ ಇಬ್ಬರು ಒಂದೇ ಪ್ರಶ್ನೆಗೆ ತಡವರಿಸಿದರೆ ಆ ಪರದೆಯನ್ನು ಮತ್ತೆ ಬರೆಯಿರಿ.

ಅವರು ಬಳಸಿದ ಪದಗಳನ್ನು ಹಾಗೆಯೇ ಬರೆದುಕೊಳ್ಳಿ. ಬೇರೊಂದು ತಂಡಕ್ಕೆ ಮಾಡಿದ ಹೊಸ ಕರಡನ್ನು ಹಿಡಿದು ನಾನು ಅದೇ ಜಗಲಿಗೆ ಮತ್ತೆ ಹೋಗಿದ್ದೆ. ಚೀಟಿಯ ಎರಡನೆಯ ಸಾಲಿಗೆ "ವೃಕ್ಷ ಸ್ವಾಮ್ಯದ ಸ್ಥಿತಿ" ಎಂದು ಹೆಸರಿಟ್ಟಿದ್ದೆ. ಅಜ್ಜ ಅದರ ಮೇಲೆ ಬೆರಳಿಟ್ಟು, "ಮರದ ಹಕ್ಕು ಎಂದು ಬರೆ ಮಗಳೇ, ಎಲ್ಲರಿಗೂ ತಿಳಿಯುತ್ತದೆ" ಎಂದರು. ಅಲ್ಲಿಯೇ ಕುಳಿತು ತಿದ್ದಿದೆ.